ಟ್ಯಾಂಕಲ್ಲಿ ಒಂಬತ್ತಡಿ

ನಾವಿರುವ ಊರು ಊರಲ್ಲ. ಇದು ನನ್ನ ಕುಚೋದ್ಯವಲ್ಲ, ಸರ್ಕಾರದ ಲೆಕ್ಕ. ಅಮೆರಿಕದ ಈ ಬೇ ಏರಿಯಾದ ನಕ್ಷೆ ತೆರೆದರೆ ಸನ್ನಿವೇಲ್‌ಗೊಂದು ಬಣ್ಣ, ಮಿಲ್ಪಿಟಾಸ್‌ಗೊಂದು ಬಣ್ಣ, ಪ್ರತಿ ಬಣ್ಣಕ್ಕೂ ಒಬ್ಬ ಮೇಯರು. ಕೌಂಟಿಯೆಂಬ ಜಿಲ್ಲೆಯ ದಕ್ಷಿಣದ ತುದಿಗೆ ಇಳಿಯುತ್ತ ಹೋದಂತೆ ಬಣ್ಣ ಮುಗಿದು ಬರೀ ಬಿಳಿ ಉಳಿಯುತ್ತದೆ. ಆ ಬಿಳಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ನಾಲ್ಕಾರು ಪುಟ್ಟ ವಸತಿಗಳು. ಒಂದರಲ್ಲಿ ಪೋಸ್ಟಾಫೀಸೂ ದನದ ಮೇವಿನ ಅಂಗಡಿಯೂ ಇವೆ. ನಮಗೆಲ್ಲ ಅದೇ ರಾಜಧಾನಿ. ಇನ್ನೊಂದರಲ್ಲಿ ಒಂದು ಚರ್ಚು, ಒಂದು ಸ್ಟಾಪ್ ಸೈನು. ನಮ್ಮದರಲ್ಲಿ ಅದೂ ಇಲ್ಲ. ಗುಡ್ಡದ ಬುಡದಲ್ಲಿ ಒಂದು ರಸ್ತೆ, ರಸ್ತೆಗೆ ಐದು ಮನೆ, ಐದು ಮನೆಗೆ ಒಂದು ಬೋರ್‌ವೆಲ್. ಬೀದಿದೀಪ ಇಲ್ಲ, ಫುಟ್‌ಪಾತ್ ಇಲ್ಲ, ದೂರು ಹೇಳಿಕೊಳ್ಳಲು ಮುನಿಸಿಪಾಲಿಟಿ ಇಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದರೆ ಅದನ್ನು ಮೊದಲು ಕಂಡವರೇ ಅದರ ಮೇಯರು.

ಇಂಥ ಜಾಗಗಳಿಗೆ ಇಲ್ಲಿ ಅನ್‌ಇನ್‌ಕಾರ್ಪೊರೇಟೆಡ್ ಎನ್ನುತ್ತಾರೆ. ಅಪ್ಪ ಅದನ್ನು "ಪಂಚಾಯ್ತಿ ಇಲ್ದೇ ಇರೋ ಹಳ್ಳಿ" ಎಂದು ಅನುವಾದಿಸುತ್ತಾರೆ. ಅವರಿಗೆ ಮಿಲ್ಪಿಟಾಸ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯ ಕೆಲಸ. ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ವರ್ಷಗಟ್ಟಲೆ ಮೇಲಿನ ಮನೆಯವರ ಟ್ರೆಡ್‌ಮಿಲ್ಲಿನ ಕೆಳಗೆ ಮಲಗಿ ಸಾಕಾಗಿ, ನಾನು ಹೈಸ್ಕೂಲು ಸೇರುವ ವರ್ಷ ಇಲ್ಲೊಂದು ಹಳೆಯ ಮನೆ ಹಿಡಿದರು. ಅಮ್ಮ ಬೆಂಗಳೂರಿನವಳು. ಮೊದಲ ದಿನ ಹಿತ್ತಿಲಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ನೋಡಿ, "ಇದಕ್ಕಾ ನಾವು ಅಮೆರಿಕಾಗೆ ಬಂದಿದ್ದು?" ಎಂದು ಒಂದೇ ಮಾತು ಕೇಳಿದಳು. ಆ ಪ್ರಶ್ನೆಗೆ ಅಪ್ಪ ಇನ್ನೂ ಉತ್ತರ ಸಿದ್ಧಪಡಿಸುತ್ತಿದ್ದಾರೆ.

ಸನ್ನಿವೇಲ್‌ನ ಹಳೆಯ ಸ್ನೇಹಿತರು ಬಂದರೆ ಕಾರಿನಿಂದ ಇಳಿಯುವ ಮೊದಲೇ ಫೋನು ಎತ್ತಿ ಆಕಾಶಕ್ಕೆ ತೋರಿಸುತ್ತಾರೆ. "ಏನ್ರೀ, ಸಿಗ್ನಲ್ಲೇ ಇಲ್ಲ ಇಲ್ಲಿ? ಊಟಗೀಟ ಡೆಲಿವರಿ ಆಗತ್ತಾ?" ಎಂದು ಕೇಳಿದರೆ ಅಪ್ಪ ಪಕ್ಕದ ಲಾಯದ ಕಡೆ ಕೈ ತೋರಿಸಿ, "ಡೆಲಿವರಿ ಏನಿದ್ರೂ ಆ ಕುದುರೇಗಳದು" ಎನ್ನುತ್ತಾರೆ. ಈ ಜೋಕಿಗೆ ನಮ್ಮ ಮನೆಯಲ್ಲಿ ಯಾರೂ ನಕ್ಕು ಬಹಳ ಕಾಲವಾಯಿತು. ಬಂದವರು ನಗುತ್ತಾರೆ, ಅಪ್ಪನಿಗೆ ಅಷ್ಟು ಸಾಕು.

ನನಗೆ ಗೊತ್ತಿರುವ ವಿದ್ಯೆ ಒಂದೇ, ಇನ್ನೊಬ್ಬರ ದನಿ. ಅಪ್ಪ ಮೀಟಿಂಗಿನಲ್ಲಿ ಮಾತಾಡುವ ದನಿ ಬೇರೆ, ಮಂಡ್ಯಕ್ಕೆ ಫೋನು ಮಾಡುವ ದನಿ ಬೇರೆ. ಎರಡೂ ನನ್ನ ಹತ್ತಿರ ಇವೆ. ಅಮ್ಮ ಸಿಟ್ಟು ಬಂದಾಗ ಇಂಗ್ಲಿಷಿಗೆ ಹಾರುವುದು, ಸಿಟ್ಟು ಏರಿದಾಗ ಮತ್ತೆ ಕನ್ನಡಕ್ಕೆ ಇಳಿಯುವುದು, ಅದೂ ಇದೆ. ಈ ವಿದ್ಯೆಗೆ ಎಮರಿವಿಲ್‌ನ ಒಂದು ಅನಿಮೇಷನ್ ಸ್ಟುಡಿಯೊದಲ್ಲಿ ಕೆಲಸವೂ ಸಿಕ್ಕಿತು. ದೊಡ್ಡ ನಟರು ಬಂದು ಮಾತಾಡುವ ತನಕ ಕರಡಿಗೋ ಕಪ್ಪೆಗೋ ತಾತ್ಕಾಲಿಕವಾಗಿ ದನಿ ಕೊಡುವುದು. ಅವರು ಬಂದ ದಿನ ನನ್ನದನ್ನು ಅಳಿಸುತ್ತಾರೆ. ಇಷ್ಟು ಸಿನಿಮಾಗಳಲ್ಲಿ ಇಲ್ಲದ ಕಲಾವಿದ ಬೇ ಏರಿಯಾದಲ್ಲಿ ಇನ್ನೊಬ್ಬನಿಲ್ಲ. ಅಮ್ಮ ಮಾತ್ರ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ "ಸೌಂಡ್ ಇಂಜಿನಿಯರಿಂಗು" ಎಂದು ಹೇಳಿಕೊಂಡು ಬಂದಿದ್ದಾಳೆ. ವಾರವಿಡೀ ಎಮರಿವಿಲ್‌ನಲ್ಲಿ ಒಂದು ಬಾಡಿಗೆ ರೂಮು, ಶನಿವಾರ ಭಾನುವಾರ ಮನೆ.

ಒಂದು ಕೊರತೆಯನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ನನಗೆ ಶಿಳ್ಳೆ ಬರುವುದಿಲ್ಲ. ಗಾಳಿ ಬರುತ್ತದೆ, ಉಗುಳು ಬರುತ್ತದೆ, ಶಿಳ್ಳೆ ಬರುವುದಿಲ್ಲ.

ನಮ್ಮ ರಸ್ತೆಯಲ್ಲಿ ಶಿಳ್ಳೆಗೆ ಹೆಸರಾದವರು ಟ್ಯಾಂಕಿನ ಮನೆಯ ಅಜ್ಜಿ. ವಯಸ್ಸು ಎಂಬತ್ತು ದಾಟಿತ್ತು, ಒಬ್ಬರೇ ಇರುತ್ತಿದ್ದರು. ಎರಡು ಬೆರಳು ಬಾಯಿಗಿಟ್ಟು ಊದಿದರೆ ಬೇಲಿಯಾಚೆಯ ಕುದುರೆಗಳು ಮೇಯುವುದನ್ನು ಬಿಟ್ಟು ಓಡಿ ಬರುತ್ತಿದ್ದವು. ಅವರ ತಾತನ ಕಾಲದಲ್ಲಿ ಪ್ಲಮ್ ಹಣ್ಣು ಕೀಳುವ ಕೆಲಸಕ್ಕೆಂದು ಅಮೆರಿಕದ ತೆಂಕಣ ರಾಜ್ಯಗಳಿಂದ ಬಂದ ಮನೆತನ. ತೋಟಗಳು ಹೋದರೂ ಮಾತಿನ ಎಳೆತ ಹೋಗಿರಲಿಲ್ಲ. ನಾನು ಎಂಟು ವರ್ಷದವನಾಗುವ ತನಕ ಮಂಡ್ಯದಲ್ಲಿ ಅಪ್ಪನ ಅಮ್ಮನ ಹತ್ತಿರ ಬೆಳೆದವನು. ಈ ಅಜ್ಜಿಯ ಇಂಗ್ಲಿಷು ಮೊದಲ ಸಲ ಕಿವಿಗೆ ಬಿದ್ದಾಗ, ಮಂಡ್ಯದ ಅಜ್ಜಿಯೇ ಬೇಲಿಯ ಮೇಲೆ ಕೈಯಿಟ್ಟು ನಿಂತು ಮಾತಾಡುತ್ತಿದ್ದಾರೆ ಅನ್ನಿಸಿತ್ತು. ಅದಕ್ಕೇ ಉಳಿದವರ ಇಂಗ್ಲಿಷು ನನ್ನ ನೆನಪಿನಲ್ಲಿ ಸಾದಾ ಕನ್ನಡವಾಗುತ್ತದೆ, ಇವರದು ಮಾತ್ರ ಮಂಡ್ಯದ ಕನ್ನಡವೇ ಆಗಬೇಕು. "ಏನ್ಲಾ ಹೈದ, ಸಿನ್ಮಾದೋರು ಇವತ್ತು ನಿನ್ನ ಯಾವ್ ಪ್ರಾಣಿ ಮಾಡುದ್ರು?" ಎನ್ನುತ್ತಿದ್ದರು. ಕಪ್ಪೆ ಎಂದರೆ, "ವಸಿ ಬಡ್ತಿ ಸಿಗ್ತು ಅನ್ನು."

ನೀರಿನ ವಿಷಯ ಹೇಳಬೇಕು. ಬೋರ್‌ವೆಲ್ಲಿನ ನೀರು ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿಗೆ ಏರುತ್ತದೆ, ಅಲ್ಲಿಂದ ಐದು ಮನೆಗೂ ಇಳಿಯುತ್ತದೆ. ಟ್ಯಾಂಕಿನ ಹೊರಮೈಗೆ ಅಡಿಯ ಗುರುತು ಬರೆದ ಒಂದು ಹಲಗೆ. ಒಳಗಿನ ನೀರು ಎಷ್ಟಿದೆಯೋ ಅಷ್ಟಕ್ಕೆ ಸರಿಯಾಗಿ ಅದರ ಮೇಲೊಂದು ಕೆಂಪು ಮುಳ್ಳು ನಿಲ್ಲುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಅಜ್ಜಿ ಮರದ ದಿಮ್ಮಿಯ ಮೆಟ್ಟಿಲು ಹತ್ತಿ ಅದನ್ನು ನೋಡಿ ಬರುತ್ತಿದ್ದರು. ಎಂಟು ಗಂಟೆಗೆ ನಮ್ಮ ಮನೆಗೆ ಫೋನು: "ಟ್ಯಾಂಕಲ್ಲಿ ಒಂಬತ್ತಡಿ ಐತೆ. ಗಿಡಕ್ಕೆ ಜಾಸ್ತಿ ಬುಡ್ಬ್ಯಾಡಿ. ದೇವ್ರು ಒಳ್ಳೇದ್ ಮಾಡ್ಲಿ." ಅದನ್ನೇ ನಾವು ಫೋನಿನಲ್ಲಿ ಚೆರ್ರಿ ಮರಗಳ ಮನೆಗೆ, ಅವರು ಕುದುರೆ ಮನೆಗೆ, ಅವರು ಲಾರಿ ಓಡಿಸಿ ನಿವೃತ್ತರಾದವರ ಮನೆಗೆ. ನಾಲ್ಕು ಕರೆಗೆ ಊರಿನ ಆಡಳಿತ ಮುಗಿಯಿತು. ಒಂದು ನಿಯಮವಿತ್ತು. ಎಂಟೂವರೆಯೊಳಗೆ ಕರೆ ಬಾರದಿದ್ದರೆ, ಕಾದವರು ಎದ್ದು ತಮಗೆ ಕರೆ ಮಾಡಬೇಕಾಗಿದ್ದ ಮನೆಯ ಬಾಗಿಲು ತಟ್ಟಬೇಕು. ತಿರುಗಿ ಫೋನು ಮಾಡುವಂತಿಲ್ಲ, ನಡೆದೇ ಹೋಗಬೇಕು.

ವರ್ಷಕ್ಕೊಮ್ಮೆ ಐದೂ ಮನೆಯವರು ಸೇರುವ ಸಭೆಯಲ್ಲಿ ಅಪ್ಪ ಒಂದು ಸಲ ಎದ್ದು ನಿಂತು, ಟ್ಯಾಂಕಿಗೆ ಒಂದು ಸೆನ್ಸರ್ ಕೂರಿಸೋಣ, ನೀರು ಎಷ್ಟಿದೆಯೆಂದು ಎಲ್ಲರ ಫೋನಿಗೂ ತಾನಾಗೇ ಮೆಸೇಜು ಬರುತ್ತದೆ ಎಂದರು. ಚಿತ್ರ ಬರೆದು ತಂದಿದ್ದರು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಮೆಸೇಜು ಬತ್ತದೆ, ಸರಿ. ಅದ್ರಲ್ಲಿ ನಾನು ಎಂಗಿವ್ನಿ ಅಂತ ಗೊತ್ತಾಯ್ತದಾ?"

"ನೀರಿನ ಮಟ್ಟ ಗೊತ್ತಾಗುತ್ತದೆ" ಎಂದರು ಅಪ್ಪ.

"ದನಿ ಕೇಳುದ್ರೆ ಎಲ್ಲಾ ಗೊತ್ತಾಯ್ತದೆ ಕಣಪ್ಪ. ದನಿ ಸುಳ್ಳು ಹೇಳಾಕಿಲ್ಲ."

ಸೆನ್ಸರಿನ ಪ್ರಸ್ತಾಪ ಬಿದ್ದುಹೋಯಿತು. ಆ ರಾತ್ರಿ ಊಟದ ಹೊತ್ತಿಗೆ ನಾನು ಅದೇ ಮಾತನ್ನು ಅಜ್ಜಿಯ ದನಿಯಲ್ಲೇ ಹೇಳಿ ತೋರಿಸಿದಾಗ ಅಪ್ಪ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ಅಲ್ಲಿಂದಾಚೆಗೆ "ಟ್ಯಾಂಕಲ್ಲಿ ಒಂಬತ್ತಡಿ" ನನ್ನ ಹೆಸರಾಂತ ಐಟಮ್ಮು. ಸನ್ನಿವೇಲ್‌ನ ಗಣೇಶನ ಹಬ್ಬದಲ್ಲಿ ಅದಕ್ಕೆ ಒನ್ಸ್ ಮೋರ್ ಬಿದ್ದಿದೆ. ಅಲ್ಲಿ ಕೂತವರಲ್ಲಿ ಯಾರೂ ಅಜ್ಜಿಯನ್ನು ಕಂಡವರಲ್ಲ. ಆದರೆ ಎಲ್ಲರಿಗೂ ಅವರು ಗೊತ್ತಿದ್ದರು.

ಆ ಭಾನುವಾರ ಅಪ್ಪ ಅಮ್ಮ ಏಳಕ್ಕೇ ಸನ್ನಿವೇಲ್‌ನ ದೇವಸ್ಥಾನಕ್ಕೆ ಹೊರಟರು. ಹೊರಡುವಾಗ ಅಮ್ಮ ಎರಡು ಸಲ ಹೇಳಿದಳು, "ಎಂಟು ಗಂಟೆಗೆ ಫೋನ್ ಬರತ್ತೆ, ಎತ್ಕೋ. ಕೇಳಿಸ್ತಾ?" ಕೇಳಿಸಿತು. ಏಳೂವರೆಗೆ ನಾನು ನನ್ನ ರೂಮಿನ ಬಟ್ಟೆ ಕಪಾಟಿನೊಳಗೆ ಸೇರಿಕೊಂಡೆ. ಅದೇ ನನ್ನ ಮನೆಯ ಸ್ಟುಡಿಯೊ. ಸುತ್ತ ರಜಾಯಿ, ನಡುವೆ ಮೈಕು, ಕಿವಿಗೆ ಹೆಡ್‌ಫೋನು. ಸೋಮವಾರಕ್ಕೆ ಒಂದು ಮುಂಗೋಪಿ ಬಾತುಕೋಳಿ ತಯಾರಾಗಬೇಕಿತ್ತು. ಬೆವೆತು ಹೊರಗೆ ಬಂದಾಗ ಗಡಿಯಾರದಲ್ಲಿ ಎಂಟು ನಲವತ್ತು.

ಫೋನು ರಿಂಗಾಗಿರಬೇಕು, ನನಗೆ ಕೇಳಿಸಿಲ್ಲ ಎಂದುಕೊಂಡೆ. ಬಾರದೇ ಇರಬಹುದೆಂದು ಹೊಳೆಯಲೇ ಇಲ್ಲ. ಅಷ್ಟು ವರ್ಷಗಳಲ್ಲಿ ಅಜ್ಜಿ ಒಂದು ಭಾನುವಾರವೂ ತಪ್ಪಿಸಿದವರಲ್ಲ, ನಾನು ತಪ್ಪಿಸುವವನು. ನಿಯಮದ ಪ್ರಕಾರ ಚಪ್ಪಲಿ ಮೆಟ್ಟಿ ಹೋಗಿ ಅವರ ಬಾಗಿಲು ತಟ್ಟಬೇಕಿತ್ತು. ತಟ್ಟಿದರೆ, "ಕರೆ ಮಾಡುದ್ರೆ ಎತ್ತಾಕಿಲ್ಲ, ಕಪ್ಪೆಗೆ ದನಿ ಕೊಡಾಕೆ ಆಯ್ತದೆ" ಎಂದು ಶುರುವಾಗಿ ಹತ್ತು ನಿಮಿಷ ನಡೆಯುತ್ತದೆ. ಆ ಹತ್ತು ನಿಮಿಷ ಉಳಿಸಲು ನನ್ನ ಹತ್ತಿರ ಬೇರೆ ದಾರಿಯಿತ್ತು. ಹೋದ ವಾರ ಒಂಬತ್ತಡಿ, ಈ ವಾರವೂ ಒಂಬತ್ತೇ ಇದ್ದೀತು. ಚೆರ್ರಿ ಮನೆಯ ಅಡುಗೆಮನೆಯಲ್ಲಿ ಗೋಡೆಗೆ ನೇತು ಹಾಕಿದ ಹಳೆಯ ಫೋನು, ಯಾರ ನಂಬರೆಂದು ತೋರಿಸುವುದಿಲ್ಲ. ಗಂಟಲು ಸರಿಮಾಡಿಕೊಂಡೆ.

"ಟ್ಯಾಂಕಲ್ಲಿ ಒಂಬತ್ತಡಿ ಐತೆ. ಗಿಡಕ್ಕೆ ಜಾಸ್ತಿ ಬುಡ್ಬ್ಯಾಡಿ."

ಚೆರ್ರಿ ಮನೆಯ ಯಜಮಾನರದು ಎಪ್ಪತ್ತೈದರ ವಯಸ್ಸು, ಮೆಲುಮಾತು. "ಈಗಷ್ಟೇ ಬಾಗಿಲು ತಟ್ಟೋಕೆ ಹೊರಟಿದ್ದೆ. ಏನಿವತ್ತು ನೀವೇ ನಮಗೆ ಮಾಡಿದ್ರಿ? ನಿಮ್ಮ ಪಕ್ಕದ ಮನೆಯವರೆಲ್ಲಿ?"

"ದೊಡ್ಡೋರು ದೇವಸ್ಥಾನಕ್ಕೆ ಹೋಗವ್ರೆ. ಹೈದ ಇನ್ನೂ ಬಿದ್ಕಂಡವ್ನೆ. ಕೆಲ್ಸಕ್ಕೆ ಬಾರದ್ದು."

ಅವರು ನಕ್ಕರು. ದೇವರು ಒಳ್ಳೆಯದು ಮಾಡಲಿ ಎಂದೆ. ಫೋನಿಟ್ಟು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನನ್ನನ್ನೇ ಬೈದುಕೊಂಡದ್ದು ಆ ಪಾತ್ರಕ್ಕೆ ಎಷ್ಟು ಹೊಂದಿತು ಎಂಬ ಹೆಮ್ಮೆ ಬೇರೆ.

ಕಾಫಿ ಹಿಡಿದು ಕಿಟಕಿಯಲ್ಲಿ ನಿಂತಾಗ ಪಕ್ಕದ ಹುಲ್ಲುಗಾವಲಿನ ನಾಲ್ಕೂ ಕುದುರೆಗಳು ಬೇಲಿಗೆ ಎದೆಯಾನಿಸಿ, ಸಾಲಾಗಿ, ಗುಡ್ಡದ ಕಡೆಗೆ ಮುಖಮಾಡಿ ನಿಂತಿದ್ದವು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಕಂಡವು. ಈ ಹೋಲಿಕೆ ಚೆನ್ನಾಗಿದೆ ಅನ್ನಿಸಿ ಮತ್ತೆ ಕಪಾಟಿಗೆ ಹೋದೆ.

ಒಂದು ಗಂಟೆಗೆ ಅಪ್ಪ ಅಮ್ಮ ಬಂದರು. ದೇವಸ್ಥಾನದಿಂದ ಬಂದ ದಿನ ಒಂದು ಡಬ್ಬಿ ಪುಳಿಯೋಗರೆ ಅಜ್ಜಿಗೆ ತಪ್ಪದೆ ಹೋಗುತ್ತದೆ. ಅವರು ಅದನ್ನು "ಖಾರದ ಪಾಯಸ" ಎನ್ನುತ್ತಿದ್ದರು. ಅಮ್ಮ ಡಬ್ಬಿ ಹಿಡಿದು ಹೋದಳು. ಐದು ನಿಮಿಷಕ್ಕೆ ಅವಳ ಕೂಗು ಕೇಳಿಸಿತು. ಅದು ಇಂಗ್ಲಿಷೂ ಆಗಿರಲಿಲ್ಲ, ಕನ್ನಡವೂ ಆಗಿರಲಿಲ್ಲ.

ಬಾಗಿಲು ತೆರೆಯದಿದ್ದಾಗ ಅಮ್ಮ ಹಿಂದಿರುಗಲು ಹೊರಟಿದ್ದಳಂತೆ. ಆಗ ಕುದುರೆಗಳು ಕಣ್ಣಿಗೆ ಬಿದ್ದವು. ನಾನು ಹೋಲಿಕೆ ಕಟ್ಟಿದೆ, ಅವಳು ಅವು ಏನು ನೋಡುತ್ತಿವೆ ಎಂದು ನೋಡಿದಳು. ಟ್ಯಾಂಕಿನ ಮೆಟ್ಟಿಲುಗಳ ಪಕ್ಕದ ಇಳಿಜಾರಿನಲ್ಲಿ, ಒಣಹುಲ್ಲಿನ ಮೇಲೆ ಅಜ್ಜಿ ಬಿದ್ದಿದ್ದರು. ಏಳೂವರೆಯಿಂದ. ಸೊಂಟದ ಮೂಳೆ ಮುರಿದಿತ್ತು. ಮುಖ ಬಿಸಿಲಿಗೆ ಕೆಂಪಾಗಿತ್ತು. ಅಪ್ಪ ಆಂಬ್ಯುಲೆನ್ಸಿಗೆ ಫೋನು ಮಾಡಿ, ನಾವಿಬ್ಬರೂ ಓಡುವ ಹೊತ್ತಿಗೆ ಅಮ್ಮ ತನ್ನ ರೇಷ್ಮೆ ಸೆರಗನ್ನು ಅವರ ಮುಖಕ್ಕೆ ನೆರಳಾಗಿ ಹಿಡಿದು ಕೂತಿದ್ದಳು. ಅಜ್ಜಿ ನನ್ನನ್ನು ನೋಡಿ, "ಶಿಳ್ಳೆ ಒಡೆದೆ ಕಣ್ಲಾ. ಬಾಯಿ ಒಣಗೋಗೋಗಂಟ ಒಡೆದೆ. ಕುದ್ರೆ ಬಂದೊ, ನೀವ್ಯಾರೂ ಬರ್ನಿಲ್ಲ" ಎಂದರು.

ಆಪರೇಷನ್ ಆಯಿತು. ಅಲ್ಲಿಂದ ನಡಿಗೆ ಕಲಿಸುವ ಒಂದು ಆರೈಕೆ ಕೇಂದ್ರಕ್ಕೆ ಕರೆದೊಯ್ದರು. ಬೇರೆ ರಾಜ್ಯದಿಂದ ಅಜ್ಜಿಯ ಮಗ ಬಂದ. ಐವತ್ತರ ಮೇಲಿನ ಶಾಂತ ಮನುಷ್ಯ, ತನ್ನ ತಾಯಿಯ ಮನೆಯ ಒಂದೊಂದು ಕಿಟಕಿಯನ್ನೂ ಮುಚ್ಚಿ ನೋಡುತ್ತ ಓಡಾಡುತ್ತಿದ್ದ. ಮುಂದಿನ ಶನಿವಾರ ಮಧ್ಯಾಹ್ನ ಉಳಿದ ನಾಲ್ಕೂ ಮನೆಯವರನ್ನು ಅಜ್ಜಿಯ ವರಾಂಡಕ್ಕೆ ಕರೆದ.

ಆ ಆರು ದಿನ ನಾನು ಬಾಯಿ ಬಿಟ್ಟಿರಲಿಲ್ಲ. ಎಮರಿವಿಲ್‌ನಲ್ಲಿ ಬಾತುಕೋಳಿಯಾಗಿ ಬೇಕಾದಷ್ಟು ಮಾತಾಡಿದೆ. ಮನೆಗೆ ಫೋನು ಮಾಡಿದಾಗ ಅಮ್ಮ, "ಪಾಪ, ಚೆರ್ರಿ ಮನೆಯವ್ರಿಗೆ ಏನೋ ಆಗಿದೆ ಕಣೋ. ಅವತ್ತು ಬೆಳಿಗ್ಗೆ ಅಜ್ಜಿ ಫೋನ್ ಮಾಡಿದ್ರು, ಮಾತಾಡ್ದೆ ಅಂತಾರೆ. ಮೆಮೊರಿ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತಾರಂತೆ" ಎಂದಳು. ನಾನು "ಹೌದಾ" ಎಂದೆ. ಆ ಹೌದಾ ಯಾರ ದನಿಯಲ್ಲಿತ್ತೋ ನನಗೆ ಗೊತ್ತಿಲ್ಲ.

ವರಾಂಡದಲ್ಲಿ ಮಗ ಸುತ್ತು ಬಳಸಲಿಲ್ಲ. "ನಿಮ್ಮನ್ನ ದೂರ್ತಿಲ್ಲ. ಆದ್ರೆ ಅಮ್ಮ ಯಾವಾಗ್ಲೂ ಹೇಳ್ತಾ ಇದ್ರು, ಭಾನುವಾರದ ಫೋನ್ ಇದೆ, ಏನಾದ್ರೂ ಆದ್ರೆ ಒಂದು ಗಂಟೇಲಿ ಯಾರಾದ್ರೂ ಬರ್ತಾರೆ ಅಂತ. ಆ ಮಾತು ನಂಬಿ ಇಷ್ಟು ವರ್ಷ ಇಲ್ಲಿ ಬಿಟ್ಟಿದ್ದೆ. ಐದೂವರೆ ಗಂಟೆ ಬಿಸಿಲಲ್ಲಿ ಬಿದ್ದಿದ್ರು. ಇನ್ಮೇಲೆ ಬಿಡಕ್ಕಾಗಲ್ಲ. ನಮ್ಮ ಊರಲ್ಲಿ ವಯಸ್ಸಾದವ್ರನ್ನ ನೋಡ್ಕೊಳ್ಳೋ ಒಂದು ಜಾಗ ಇದೆ, ಅಲ್ಲಿಗೆ ಸೇರಿಸ್ತೀನಿ. ಈ ಮನೆ ಮುಚ್ತೀನಿ."

ಹುಟ್ಟಿದ ಮನೆ ಬಿಟ್ಟು ಒಂದು ವಾರ ಬೇರೆ ಕಡೆ ಇರದ ಅಜ್ಜಿಯ ವಿಷಯ ಅದು. ಚೆರ್ರಿ ಮನೆಯ ಯಜಮಾನರು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಮೆಲ್ಲಗೆ, "ನನಗೆ ಫೋನ್ ಬಂತು" ಎಂದರು.

"ಆ ಹೊತ್ತಿಗೆ ಅವರು ನೆಲದ ಮೇಲಿದ್ರು, ಸರ್."

"ಎಂಟು ನಲವತ್ತಕ್ಕೆ. ಒಂಬತ್ತಡಿ ಅಂದ್ರು." ಹೆಂಡತಿ ಅವರ ತೋಳು ಮುಟ್ಟಿ, ಹೋದ ವಾರದ ಕರೆ ಇರಬೇಕು ಬಿಡಿ ಎಂದರು. ಅವರು ಟೋಪಿ ತಿರುಗಿಸುವುದನ್ನು ನಿಲ್ಲಿಸಿದರು. "ಇರಬಹುದು" ಎಂದರು.

ಆ "ಇರಬಹುದು" ಕೇಳಿದ ಮೇಲೆ ಸುಮ್ಮನೆ ಕೂರುವಷ್ಟು ಗಟ್ಟಿಗ ನಾನಲ್ಲ. ಎದ್ದು ನಿಂತೆ. ಏನು ಹೇಳಬೇಕೆಂದು ಆರು ದಿನ ಅಭ್ಯಾಸ ಮಾಡಿದ್ದೆ, ಒಂದು ಪದವೂ ಬರಲಿಲ್ಲ. ಬಂದದ್ದು ಇದು:

"ಟ್ಯಾಂಕಲ್ಲಿ ಒಂಬತ್ತಡಿ ಐತೆ. ಗಿಡಕ್ಕೆ ಜಾಸ್ತಿ ಬುಡ್ಬ್ಯಾಡಿ. ಹೈದ ಇನ್ನೂ ಬಿದ್ಕಂಡವ್ನೆ. ಕೆಲ್ಸಕ್ಕೆ ಬಾರದ್ದು."

ಮಗ ಬೆಚ್ಚಿ ಮನೆಯೊಳಗೆ ನೋಡಿದ. ಅಮ್ಮ ಹಲ್ಲು ಕಚ್ಚಿ ಕನ್ನಡದಲ್ಲಿ, "ಮುಚ್ಚೋ ಬಾಯಿ. ಇದು ತಮಾಷೆ ಮಾಡೋ ಹೊತ್ತಾ?" ಎಂದಳು. ಅಪ್ಪನಿಗೆ ಮೊದಲು ಅರ್ಥವಾಯಿತು. ಅವರು ಅಮ್ಮನ ಕೈ ಹಿಡಿದು, "ತಮಾಷೆ ಅಲ್ಲ ಕಣೆ ಇದು" ಎಂದರು.

ಚೆರ್ರಿ ಮನೆಯ ಯಜಮಾನರು ಎದ್ದು ಟೋಪಿ ಹಾಕಿಕೊಂಡರು. ನನ್ನೆದುರು ಬಂದು ನಿಂತರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. "ಹಾಗಾದ್ರೆ ನನ್ನ ತಲೆ ಸರಿಯಾಗಿದೆ" ಎಂದರು, ನನಗಲ್ಲ, ಹೆಂಡತಿಗೆ. ಆಮೇಲೆ ನನಗೆ, "ಚೆನ್ನಾಗಿ ಮಾಡ್ತೀಯ. ಇಷ್ಟು ಚೆನ್ನಾಗಿ ಮಾಡಬಾರದಿತ್ತು."

ಆಗ ಉಳಿದದ್ದನ್ನು ಹೇಳಿದೆ. ಕಪಾಟು, ಬಾತುಕೋಳಿ, ತಟ್ಟದ ಬಾಗಿಲು, ಎಲ್ಲ. ಮಗ ನಡುವೆ ಬಾಯಿ ಹಾಕದೆ ಕೇಳಿದ. ಕೊನೆಗೆ ಒಂದೇ ಪ್ರಶ್ನೆ: "ನೀನು ಆ ಫೋನ್ ಮಾಡ್ದೇ ಇದ್ದಿದ್ರೆ?"

"ಎಂಟೂವರೆ ಆಗಿತ್ತು, ನಾನು ಹೋಗಿ ನೋಡ್ಬೇಕಿತ್ತು. ನಾನು ಹೋಗ್ದಿದ್ರೂ ಇವರು ನಮಗೆ ಕಾದು, ಒಂಬತ್ತರೊಳಗೆ ನಮ್ಮ ಬಾಗಿಲು ತಟ್ತಿದ್ರು. ಆಗ ಇಬ್ರೂ ಹೋಗ್ತಿದ್ವಿ. ನಿಮ್ಮಮ್ಮ ಹೇಳಿದ್ದು ಸುಳ್ಳಲ್ಲ. ಅವ್ರ ಪದ್ಧತಿ ಸರಿಯಾಗೇ ಇದೆ. ಕೆಟ್ಟಿದ್ದು ಅದಲ್ಲ, ನಾನು."

ಕುದುರೆ ಮನೆಯಾಕೆ, ಯಾವತ್ತೂ ಸಭೆಯಲ್ಲಿ ಮಾತಾಡದವರು, ತಾವು ಜ್ವರದಲ್ಲಿ ಏಳಲಾರದೆ ಮಲಗಿದ್ದ ಭಾನುವಾರ ಮುಂದಿನ ಮನೆಯ ಲಾರಿಯವರು ಎಂಟು ಮುಕ್ಕಾಲಿಗೆ ಬಾಗಿಲಲ್ಲಿದ್ದರು ಎಂದರು. ಲಾರಿಯವರು, "ಎಂಟು ನಲವತ್ತು" ಎಂದು ತಿದ್ದಿದರು. ನನಗೆ ಆಗಷ್ಟೇ ಹೊಳೆಯಿತು. ಈ ಕರೆಯಲ್ಲಿ ನೀರಿನ ಅಡಿಯನ್ನು ಯಾರೂ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಪೊಲೀಸ್ ಠಾಣೆಯಾಗಲಿ ಆಸ್ಪತ್ರೆಯಾಗಲಿ ಹತ್ತಿರವಿಲ್ಲದ ಐದು ಮನೆ, ವಾರಕ್ಕೊಮ್ಮೆ ಪರಸ್ಪರ ಹಾಜರಿ ತೆಗೆದುಕೊಳ್ಳುತ್ತಿದ್ದವು. ಹತ್ತು ವರ್ಷ ನಾನು ಅದನ್ನು ಅಣಕಿಸಿದ್ದೆ, ಏನೆಂದು ತಿಳಿದುಕೊಂಡಿರಲಿಲ್ಲ.

ಮಗ ಕಿಟಕಿಯ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದ. "ಅಮ್ಮನಿಗೆ ನೀನೇ ಹೋಗಿ ಹೇಳು. ಅವರು ಏನಂತಾರೋ ನೋಡಿ ನಾನು ತೀರ್ಮಾನ ಮಾಡ್ತೀನಿ."

ಮರುದಿನ ಆರೈಕೆ ಕೇಂದ್ರಕ್ಕೆ ಹೋದೆ. ಅಮ್ಮ ಕೈಗೆ ಪುಳಿಯೋಗರೆಯ ಡಬ್ಬಿ ಕೊಟ್ಟಳು, ಮುಖ ಕೊಡಲಿಲ್ಲ. ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು, ಮೊದಲಿಗಿಂತ ಅರ್ಧವಾಗಿದ್ದರು. ಎಲ್ಲ ಹೇಳಿದೆ. ಕೇಳಿ ಮುಗಿಸಿ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಮಚ ತಿಂದು, "ಎಲ್ಲಿ, ಮಾಡ್ಲಾ. ಕೇಳಾನ" ಎಂದರು.

"ಏನು?"

"ನನ್ನ. ಊರೆಲ್ಲಾ ಮಾಡಿ ತೋರ್ಸಿದ್ದೀಯಂತೆ, ನಂಗೇ ತೋರ್ಸಿಲ್ಲ."

ಅವರ ಮುಂದೆ ಅವರಾಗುವುದು ನಾನು ಮಾಡಿದ ಅತಿ ಕಷ್ಟದ ಪಾತ್ರ. ಕಣ್ಣು ಮುಚ್ಚಿ ಕೇಳಿದರು. "ಅಷ್ಟು ಎಳೀತೀನಾ ನಾನು?"

"ಇನ್ನೂ ಜಾಸ್ತಿ. ನಾನು ಮರ್ಯಾದೆಗೆ ಕಮ್ಮಿ ಮಾಡಿದ್ದು."

"ಕಳ್ಳ." ನಗು ಬಂದು ಸೊಂಟ ನೊಂದು ಮುಖ ಕಿವುಚಿದರು. ನೋವು ಇಳಿದ ಮೇಲೆ ನಗದೆ ಹೇಳಿದರು. "ನಾನು ಅಲ್ಲಿ ಬಿದ್ದಿದ್ನಲ್ಲ, ಎದುರ್ಕಂಡಿರ್ನಿಲ್ಲ ಕಣ್ಲಾ. ಎಂಟೂವರೆ ಆಗ್ಲಿ, ಬತ್ತಾರೆ ಅಂತ ಮನೀಕಂಡಿದ್ದೆ. ಒಂಬತ್ತು ಅಂದಾಜಾದ ಮ್ಯಾಕೆ ಎದುರ್ಕಂಡೆ. ಸೊಂಟ ಮುರ್ದುದ್ಕಲ್ಲ. ನನ್ನ ಯಾರೂ ಕಾಯ್ತಿಲ್ವೇನೋ ಅಂತ."

ನಾನು ಅತ್ತೆ. ಅದನ್ನು ಅಣಕಿಸಬಲ್ಲವರು ಅಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಅವರು ಮಗನಿಗೆ ಫೋನು ಹಚ್ಚಿ ನನ್ನೆದುರೇ ಹೇಳಿದರು: ತನ್ನನ್ನು ಕಾಯುತ್ತಿದ್ದವರು ಇದ್ದರು, ಒಬ್ಬ ದಡ್ಡ ಅಡ್ಡ ಬಂದ, ಅವನು ಒಪ್ಪಿಕೊಂಡಾಯಿತು, ತಾನು ಮನೆಗೇ ಹೋಗುವುದು. ಮಗ ಒಂದು ಷರತ್ತು ಹಾಕಿದ. ಟ್ಯಾಂಕಿನ ಮೆಟ್ಟಿಲು ಇನ್ನು ಮುಂದೆ ಹತ್ತುವಂತಿಲ್ಲ. ನನಗೆ ಅಜ್ಜಿ ಹಾಕಿದ ಶಿಕ್ಷೆ ಬೇರೆ: ತಾನು ಬರುವ ತನಕ ಪ್ರತಿ ಭಾನುವಾರ ಗುಡ್ಡ ಹತ್ತಿ, ಎಂಟಕ್ಕೆ ಸರಿಯಾಗಿ ಕರೆ ಶುರು ಮಾಡಬೇಕು. "ನಿನ್ನ ದನೀಲಿ. ಯಾವ್ದೂ ಸೇರಿಸ್ದೆ."

ಮೊದಲ ಭಾನುವಾರ ಗುಡ್ಡ ಹತ್ತಿ ಇಳಿದು ಚೆರ್ರಿ ಮನೆಗೆ ಫೋನು ಮಾಡಿ "ಎಂಟೂವರೆ ಅಡಿ ಇದೆ" ಎಂದೆ. ಆ ಕಡೆಯಿಂದ, "ಯಾರು ಮಾತಾಡ್ತಿರೋದು?" ಇಷ್ಟು ವರ್ಷದ ಪಕ್ಕದ ಮನೆಯವರು. ವರಾಂಡದ ಆ ಒಂದು ದಿನ ಬಿಟ್ಟರೆ ನನ್ನ ಬರೀ ದನಿಯನ್ನು ಅವರು ಕೇಳಿಯೇ ಇರಲಿಲ್ಲ. ಹೆಸರು ಹೇಳಿದೆ. "ಓ ನೀನಾ? ಸ್ವಲ್ಪ ಕೀರಲು, ಅಲ್ವಾ?" ಎಂದರು. ಇಂಥ ಗುರುತು ಚೀಟಿಯೊಂದಿಗೆ ಹನ್ನೊಂದು ಭಾನುವಾರ ಕಳೆದೆ. ಅಪ್ಪ ಅಮ್ಮ ದೇವಸ್ಥಾನಕ್ಕೆ ಹೋಗುವ ದಿನವನ್ನು ಶನಿವಾರಕ್ಕೆ ಬದಲಿಸಿಕೊಂಡರು, ಕಾರಣ ಹೇಳಲಿಲ್ಲ.

ಅಷ್ಟರಲ್ಲಿ ಲಾರಿಯವರು ಅಜ್ಜಿಯ ಅಡುಗೆಮನೆ ಕಿಟಕಿಗೂ ಟ್ಯಾಂಕಿಗೂ ನಡುವೆ ಅಡ್ಡವಿದ್ದ ಓಕ್ ಕೊಂಬೆ ಕಡಿದರು. ಅಪ್ಪ ಸೆನ್ಸರಿನ ಆಸೆ ಬಿಟ್ಟು ಒಂದು ಒಳ್ಳೆಯ ಬೈನಾಕ್ಯುಲರ್ ತಂದಿಟ್ಟರು. ಚೆರ್ರಿ ಮನೆಯ ಯಜಮಾನರು ಮನೆಮನೆಗೆ ಹೋಗಿ ಒಂದು ಹೊಸ ನಿಯಮ ಒಪ್ಪಿಸಿಕೊಂಡು ಬಂದರು. ಅಜ್ಜಿ ಕರೆ ಮಾಡಿದಾಗ ಮೊದಲು ಒಂದು ಶಿಳ್ಳೆ ಹಾಕಬೇಕು, ಆಮೇಲೆ ಮಾತು. ಯಾಕೆಂದು ಯಾರೂ ಕೇಳಲಿಲ್ಲ, ನನಗೆ ಶಿಳ್ಳೆ ಬಾರದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು, ಅಷ್ಟೆ.

ಅಜ್ಜಿ ಮನೆಗೆ ಬಂದ ಮೇಲಿನ ಮೊದಲ ಭಾನುವಾರ ಏಳೂವರೆಯಿಂದಲೇ ಫೋನಿನ ಮುಂದೆ ಕೂತಿದ್ದೆ. ಕಪಾಟಿನಲ್ಲಿದ್ದ ರಜಾಯಿಗಳೆಲ್ಲ ಬಿಸಿಲಲ್ಲಿ ಒಣಗುತ್ತಿದ್ದವು. ಅಮ್ಮ ಒಗ್ಗರಣೆ ಹಾಕುವುದನ್ನು ಎಂಟು ಗಂಟೆಯ ಆಚೆಗೆ ತಳ್ಳಿದ್ದಳು, ಅಪ್ಪ ಪೇಪರನ್ನು ತಲೆಕೆಳಗಾಗಿ ಓದುತ್ತಿದ್ದರು. ಎಂಟು ಹೊಡೆಯಿತು. ಎಂಟು ಐದಾಯಿತು. ಎಂಟು ಹತ್ತಕ್ಕೆ ನಾನು ಚಪ್ಪಲಿ ಮೆಟ್ಟಿದೆ. "ಇನ್ನೂ ಟೈಮಿದೆ ಕಣೋ" ಎಂದರು ಅಪ್ಪ. ಬಾಗಿಲಿಗೆ ಹೋಗುವಷ್ಟರಲ್ಲಿ ಫೋನು ರಿಂಗಾಯಿತು. ಎತ್ತಿದರೆ ಕಿವಿ ತೂತಾಗುವಂಥ ಶಿಳ್ಳೆ. ಹೊರಗೆ ಹುಲ್ಲಿನಲ್ಲಿ ನಾಲ್ಕು ಕುದುರೆಗಳೂ ತಲೆಯೆತ್ತಿದವು.

"ಟ್ಯಾಂಕಲ್ಲಿ ಎಂಟಡಿ ಐತೆ. ಕನ್ನಡಕ ಸಿಕ್ಕಿರ್ನಿಲ್ಲ, ಅದುಕ್ಕೆ ವೊತ್ತಾಯ್ತು. ಎದ್ದಿದ್ದೀಯಾ ಹೈದ?"

"ಎದ್ದಿದ್ದೀನಿ ಅಜ್ಜಿ."

"ಸರಿ. ದೇವ್ರು ಒಳ್ಳೇದ್ ಮಾಡ್ಲಿ."

ಹೋದ ತಿಂಗಳು ಸ್ಟುಡಿಯೊದಲ್ಲಿ ಹೊಸ ಸಿನಿಮಾಕ್ಕೆ ಒಂದು ಕುರಿ ಕಾಯುವ ನಾಯಿಯ ಪಾತ್ರ ಬಂತು, ಅದಕ್ಕೆ ಶಿಳ್ಳೆ ಹಾಕುವ ಯಜಮಾನನೂ ಬೇಕಿತ್ತು. ಎರಡನ್ನೂ ನೀನೇ ಮಾಡು, ಎರಡು ದಿನದಲ್ಲಿ ಶಿಳ್ಳೆ ಕಲಿಸುತ್ತೇನೆ, ನಾಲಿಗೆ ಹೀಗೆ ಮಡಚಿದರಾಯಿತು ಎಂದು ಒಬ್ಬರು ಮುಂದೆ ಬಂದರು. ಬೇಡ ಎಂದೆ. ನಾಯಿಯನ್ನು ಮಾತ್ರ ತೆಗೆದುಕೊಂಡೆ.